ನೋಟಿನ ಮೇಲಿನ ಕೋಟು

ಅಕ್ಕನಿಗೆ ನಮಸ್ಕಾರ. ಈ ಪರದೇಶಕ್ಕೆ ಬಂದ ಮೇಲೆ ನನ್ನ ಕೆಮ್ಮು ಕಡಿಮೆಯಾಗಿದೆ, ಹೊಲಿಗೆ ಅಂಗಡಿಯ ಮೊದಲ ಸಂಬಳವೂ ಕೈಸೇರಿತು. ಆದರೆ ನೋಟು ನೋಡಿ ಅನುಮಾನ ಬಂತು. ಅದರ ಮೇಲೆ ಈ ದೇಶ ಕಟ್ಟಿದ ಮೀಸೆಯ ಮಹಾಪುರುಷನ ಚಿತ್ರವಿದೆ. ಅವನ ಕೋಟಿನ ಗುಂಡಿಗಳು ಹೆಂಗಸರ ಕೋಟಿನಂತೆ ಎಡಕ್ಕಿವೆ! ಗಂಡಸರಿಗೆ ಬಲಕ್ಕೆ ಅಂತ ನೀನೇ ತಾನೇ ಕಲಿಸಿದ್ದು? ಮಾಲೀಕರು ಖೋಟಾ ನೋಟು ಕೊಟ್ಟು ಟೋಪಿ ಹಾಕಿದರೆಂದು ಬ್ಯಾಂಕಿಗೆ ಓಡಿದೆ. ಕೌಂಟರಿನಲ್ಲಿದ್ದಾಕೆ ನಕ್ಕು ತನ್ನ ಪರ್ಸು ತೆರೆದಳು. ಅವಳ ನೋಟಿನಲ್ಲೂ ಗುಂಡಿ ಎಡಕ್ಕೇ.

"ಹೆಂಡತಿ ಕೋಟು ಹಾಕ್ಕೊಂಡು ಬಂದಿದ್ನೇನೋ ಮಹಾರಾಯ" ಎಂದು ಅಂಗಡಿಗೆ ಬಂದು ಗೊಣಗಿದೆ.

ಮಾಲೀಕರು ಬಾಗಿಲ ಕಡೆ ನೋಡಿ, "ಮೆಲ್ಲಗೆ ಮಾತಾಡಪ್ಪ, ಆ ಕೋಟು ಹೊಲಿದಿದ್ದು ನಮ್ಮ ತಾತ" ಎಂದರು.

ಅಂದಿನಿಂದ ಈ ಅಂಗಡಿಯ ಅಳತೆ ಟೇಪನ್ನೂ ನಂಬುತ್ತಿಲ್ಲ. ನೀನು ಕೊಟ್ಟು ಕಳಿಸಿದ ಟೇಪಿನಲ್ಲೇ ಅಳೆಯುತ್ತಿದ್ದೇನೆ.

ನಿನ್ನ ತಮ್ಮ