ಕೂಸು ನೋಡುವ ಸರದಿ

ಹೊಳಲ್ಕೆರೆ, ಕೀಲಕ ಸಂವತ್ಸರದ ಶ್ರಾವಣ

ಚಿರಂಜೀವಿ ಅಳಿಯ ಮುರುಗಪ್ಪನವರಿಗೆ ಮಾವ ಪಂಚಾಕ್ಷರಪ್ಪನ ಆಶೀರ್ವಾದಗಳು.

ಮಗಳು ಕೊಟ್ರಮ್ಮ ಹೆರಿಗೆಯಾಗಿ ಆರೋಗ್ಯವಾಗಿದ್ದಾಳೆ. ಐದು ದಿನದ ಹಿಂದೆ ಹೆಣ್ಣು ಕೂಸು ಅಳದೆ, ನೀಲಿಗಟ್ಟಿ ಹುಟ್ಟಿತು. ಸೂಲಗಿತ್ತಿ ಬೆನ್ನುಜ್ಜಿ ಉಸಿರು ತರಿಸಿದಳು. ಚಿತ್ರದುರ್ಗದಿಂದ ಬಂದ ಡಾಕ್ಟರು, "ಉಸಿರಿಲ್ಲದೆ ಮಿದುಳಿಗೆ ಪೆಟ್ಟಾಗಿರಬಹುದು. ಸೆಳವು ಬರ್ತೈತೋ, ಕೈಕಾಲು ಆಡಿಸ್ತೈತೋ ನೋಡ್ತಾ ಇರ್ರಿ" ಎಂದರು. ಅಂದಿನಿಂದ ಮನೆಯವರೆಲ್ಲ ಸರದಿಯ ಮೇಲೆ ಪಕ್ಕದಲ್ಲೇ ಕೂತಿದ್ದೇವೆ. ಒಮ್ಮೆ ಸೆಳವು ಬಂತು, ಆಮೇಲೆ ಇಲ್ಲ. ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡುತ್ತಿದ್ದೆವು. ಇಂದು ಬೆಳಿಗ್ಗೆ ಕೊಟ್ರಮ್ಮ, "ಅವ್ವಾ, ತಾನೇ ಚೀಪ್ತೈತೆ ನೋಡು!" ಎಂದು ಕೂಗಿದ್ದು ಪಡಸಾಲೆಯಲ್ಲಿದ್ದ ನನಗೂ ಕೇಳಿಸಿತು.

ಕೂಸು ಎದ್ದು ಕೂರುವ ತನಕ ಖಚಿತವಾಗಿ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ಅಲ್ಲಿಯವರೆಗೆ ನೋಡುತ್ತಿರೋಣ. ನಾಮಕರಣಕ್ಕೆ ಕಾಯದೆ ಹೊರಟು ಬನ್ನಿ, ನಿಮಗೂ ಒಂದು ಸರದಿ ಇಟ್ಟಿದ್ದೇವೆ.

ಇತಿ ನಿಮ್ಮ ಮಾವ,
ಪಂಚಾಕ್ಷರಪ್ಪ