ಚಪ್ಪಲಿ ಕಳಿಸಬೇಡಿ

ಅಪ್ಪನಿಗೆ,

ಆಸ್ಟ್ರೇಲಿಯಾದ ತೋಟದಲ್ಲಿ ಕಿತ್ತಳೆ ಕೀಳುವ ನಿಮ್ಮ ಬೆನ್ನುನೋವು ಈಗ ಹೇಗಿದೆ? ನಯವಾದ ಚಾಪೆಯೊಂದನ್ನು ನಾನೇ ಹೆಣೆದು ಮುಗಿಸಿದರೆ, ನನ್ನ ತಮ್ಮ ಸೆಮಿಸಿಯ ಹಾಗೆ ನಾನೂ ಒಬ್ಬಳೇ ನಮ್ಮ ದ್ವೀಪದ ನೆಯಾಫು ಪೇಟೆಗೆ ಹೋಗಬಹುದು ಎಂದಿದ್ದಿರಿ. ಮುಗಿಸಿದೆ. ಅಮ್ಮ ಅದನ್ನು ಚರ್ಚಿನ ಅಂಗಳದಲ್ಲಿ ಹಾಸಿ ಎಲ್ಲರಿಗೂ ತೋರಿಸಿದಳು. ಮರುದಿನವೇ ಪಾದ್ರಿಯವರ ಮನೆಯವರು ಕಾಣಿಕೆಯ ಹಂದಿ ಹೊತ್ತುಕೊಂಡು ತಮ್ಮ ಮಗನಿಗೆ ಹೆಣ್ಣು ಕೇಳಲು ಬಂದರು.

“ಮತ್ತೆ ಪೇಟೆ?” ಎಂದೆ.

“ಇಂಥಾ ಕೈ ಇರೋಳನ್ನ ಬೀದಿಗೆ ಬಿಡ್ತಾರೇನೇ, ಹುಚ್ಚಿ?” ಎಂದು ಅಮ್ಮ ನಕ್ಕಳು. “ನಿಮ್ಮಪ್ಪನೂ ಫೋನಲ್ಲಿ ಹೂಂ ಅಂದಾಯ್ತು.”

ಮದುವೆಯ ದಿನ ನನ್ನನ್ನು ಆ ಚಾಪೆಯ ಮೇಲೆಯೇ ಕೂರಿಸುತ್ತಾರಂತೆ. ಸ್ವಲ್ಪ ಒರಟಾಗಿ ಹೆಣೆಯಬೇಕಿತ್ತು.

ಪೇಟೆಗೆಂದು ನಾನು ಕೇಳಿದ್ದ ಚಪ್ಪಲಿ ಕಳಿಸಬೇಡಿ. ಚಾಪೆಯ ಮೇಲೆ ಕೂರುವವಳಿಗೆ ಅದು ಬೇಕಾಗುವುದಿಲ್ಲ.

ನಿಮ್ಮ ಮಗಳು,
ಲವೀನಿಯಾ