ಕಾಲಿಗೆ ಹಚ್ಚುವ ಎಣ್ಣೆ

ಜೇವರ್ಗಿ ಕಾಲೋನಿ, ಕಲಬುರ್ಗಿ
೨೦-೨-೧೯೯೭

ಚಿ. ಸೌ. ಮುಕ್ತಾಳಿಗೆ ನಿನ್ನ ಆಯಿಯ ಆಶೀರ್ವಾದ.

ನಾವೆಲ್ಲ ಕ್ಷೇಮ. ಕಮಲಾಪುರದಲ್ಲಿ ನೀನು, ಅಳಿಯಂದಿರು, ಪುಟ್ಟ ಲಲಿತಾ, ನಿಮ್ಮ ಅತ್ತೆ ಚಂದ್ರಾಬಾಯಿಯವರು ಎಲ್ಲರೂ ಕ್ಷೇಮವೆಂದು ತಿಳಿದಿದ್ದೇನೆ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕೈ ನಡುಗುತ್ತದೆ ಎಂದು ನೆಪ ಹೇಳಬಹುದು. ನಡುಗುವುದೂ ಹೌದು, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ಆದರೆ ನಿಜವಾದ ಕಾರಣ ಸಿಟ್ಟು. ಸಿಟ್ಟಿನಲ್ಲಿ ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು.

"ಆಯಿ, ಸೇಡಂ ರಸ್ತಾದ ಮ್ಯಾಗ ಅಡ್ಡಾಡೋದು ಬಿಡು, ಮನ್ಯಾಗ ಆರಾಮ ಇರು. ನಮ್ಮ ಅತ್ತಿಯವರ ಕಡಿಯವರು ನಿಮ್ಮ ಕಾಲೋನ್ಯಾಗೇ ಹೊಸದಾಗಿ ಬಂದಾರ" ಎಂದು ಬರೆದಿದ್ದೀ. ಬಿಡುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಉದ್ದ ಕಾಗದ ಓದುವ ತಾಳ್ಮೆ ನಿನಗೆ ಸಣ್ಣವಳಿದ್ದಾಗಿನಿಂದಲೂ ಇಲ್ಲ.

ಆರಾಮ ಎಂದರೇನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಕಿವಿಯಲ್ಲಿ ಯಾರ್ಯಾರದೋ ಮಾತು ಕೇಳಿಸಲು ಸುರುವಾದಾಗಿನಿಂದ ಹನ್ನೊಂದು ವರ್ಷ ಅದನ್ನೇ ಮಾಡಿದ್ದೇನೆ. ಕೊಡ ಎತ್ತಲು ಹೋದರೆ "ಬ್ಯಾಡ", ಕಸಬರಿಗೆ ಹಿಡಿದರೆ "ಬ್ಯಾಡ". ಎಲ್ಲರೂ ಪ್ರೀತಿಯಿಂದಲೇ ಬೇಡ ಎಂದಿರಿ. ಗುಳಿಗೆ ನುಂಗಿ, ಉಂಡು, ಗೋಡೆಗೆ ಮುಖ ಮಾಡಿ ಮಲಗಿದೆ. ಮೈ ಬೆಳೆಯಿತು, ಹಳೆಯ ಬಳೆ ಒಂದೂ ಕೈಗೆ ಏರದಾಯಿತು, ಸಕ್ಕರೆ ಕಾಯಿಲೆಯೂ ಬಂತು. ಹೋದ ವರ್ಷ ತಿಂಗಳ ಸೂಜಿಗೆಂದು ಆಸ್ಪತ್ರೆಗೆ ಹೋದಾಗ ಹೊಸ ಡಾಕ್ಟರಬಾಯಿ ನನ್ನ ತೂಕ ನೋಡಿ ನಿನ್ನ ಬಂಡುಮಾಮಾನನ್ನು ಬೈದಳು. "ಗುಳಿಗಿ ನಾ ಕೊಡ್ತೀನ್ರಿ. ಆದ್ರ ನಡಿಯೋದು ಅವರೇ ನಡೀಬೇಕು, ದಿನಾ ಅರ್ಧ ತಾಸು. ನಿಮ್ಮ ಅಕ್ಕಗ ಜಡ್ಡು ಇರೋದು ತಲಿಗಿ, ಕಾಲಿಗೇನಾಗ್ಯದ?"

ಬಂಡು ಪಾಪದವನು, ಗೊತ್ತಲ್ಲ. ನಾನೆಲ್ಲಿ ತಪ್ಪಿಸಿಕೊಳ್ಳುತ್ತೇನೋ ಎಂದು ಮನೆಯ ವಿಳಾಸ ಬರೆದು ಸೆರಗಿಗೆ ಹೊಲಿಸಿದ. ಅದೂ ಸಾಲದೆ ಮೊದಲ ದಿನ ಹಿಂದಿನಿಂದ ಸ್ಕೂಟರಿನಲ್ಲಿ ಬಂದ, ನನ್ನ ಹೆಜ್ಜೆಗೆ ಸರಿಯಾಗಿ, ಎರಡೂ ಕಾಲು ನೆಲಕ್ಕೆ ಊರುತ್ತ. ಜನ ನನ್ನನ್ನು ಬಿಟ್ಟು ಅವನನ್ನೇ ನೋಡಿದರು. ಮೂರನೆಯ ದಿನ ಅವನಿಗೇ ನಾಚಿಕೆಯಾಗಿ ಮನೆಯಲ್ಲಿ ಉಳಿದ.

ನನಗೂ ಸುಲಭವಾಗಿರಲಿಲ್ಲ. ಹಿಟ್ಟಿನ ಗಿರಣಿಯವರೆಗೆ ಹೋಗುವುದರೊಳಗೆ ಏದುಸಿರು ಬಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಆಗ ಸಿಕ್ಕವಳು ಮೋಮಿನಪುರದ ಬಳೆಗಾರ್ತಿ ಮೆಹಬೂಬಿ. ಅವಳದೂ ನನ್ನದೂ ಒಂದೇ ಜಡ್ಡು, ಒಂದೇ ಸೂಜಿ, ಒಂದೇ ಮಂಗಳವಾರ. ಈಗ ಇಬ್ಬರೂ ಜೊತೆಗೇ ನಡೆಯುತ್ತೇವೆ. ಕಿವಿಯ ಮಾತು ನಿಂತಿಲ್ಲ ಮುಕ್ತಾ, ನಿನ್ನ ಮುಂದೆ ಸುಳ್ಳೇಕೆ. ಆದರೆ ಜೋರಾಗಿ ಹೆಜ್ಜೆ ಹಾಕಿದರೆ ಅವಕ್ಕೆ ದಮ್ಮು ಹತ್ತಿ ಹಿಂದೆ ಬೀಳುತ್ತವೆ. ಮೆಹಬೂಬಿಗೆ ಇದನ್ನು ಹೇಳಿದರೆ, "ನನ್ನವು ಭಾಳ ಆಲಸಿ ಅವ ಬಾಯಿ, ಗಿರಣಿತನಾನೂ ಬರಂಗಿಲ್ಲ" ಎಂದಳು. ರಸ್ತೆಯ ನಡುವೆ ನಿಂತು ನಕ್ಕೆವು. ನಾನು ನಕ್ಕು ಎಷ್ಟು ವರ್ಷವಾಗಿತ್ತೋ ಲೆಕ್ಕವಿಲ್ಲ.

ಅಷ್ಟರಲ್ಲಿ ನಿನ್ನ ಕಾಗದ ಬಂತು. ಮಗಳು ಹೇಳಿದ್ದಾಳೆ, ಕೇಳೋಣವೆಂದು ಎಂಟು ದಿನ ಹೊಸ್ತಿಲು ದಾಟಲಿಲ್ಲ. ಮತ್ತೆ ಅದೇ ಗೋಡೆ, ಅದೇ ಚಾದರ. ಒಂಬತ್ತನೆಯ ದಿನ ಮೆಹಬೂಬಿ ಬಾಗಿಲಿಗೇ ಬಂದಳು. ವಿಷಯ ಹೇಳಿದೆ.

"ಮಗಳಿಗಿ ಸಮಾಧಾನ ಆಗ್ಲಿ ಅಂತ ಮಕ್ಕೊಂಡೀರಿ," ಎಂದಳು. "ಮಕ್ಕೊಂಡವ್ರನ್ನ ನೋಡ್ಲಿಕ್ಕಿ ಆಕಿ ಬರ್ತಾಳೇನು? ಏಳ್ರಿ ಬಾಯಿ, ಚಪ್ಲಿ ಹಾಕ್ಕೋರಿ."

ಎದ್ದೆ. ಆವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ. ತೂಕ ಐದು ಕಿಲೋ ಇಳಿದಿದೆ. ಮೆಹಬೂಬಿ ತನ್ನ ಕೈಯಾರೆ ಎರಡೆರಡು ಹಸಿರು ಬಳೆ ಏರಿಸಿದ್ದಾಳೆ. ಯಾರು ನೋಡುತ್ತಾರೋ ನೋಡಲಿ. ನಿಲ್ಲಿಸಿ ಕೇಳಿದರೆ ಹೆಸರು ಹೇಳುತ್ತೇನೆ, ಜಡ್ಡಿನ ಹೆಸರೂ ಹೇಳುತ್ತೇನೆ.

ಲಲಿತಾ ಗೋಡೆ ಹಿಡಿದು ನಡೆಯುತ್ತಾಳೆಂದು ಬರೆದಿದ್ದೀ. ಬಿದ್ದರೆ ಓಡಿಹೋಗಿ ಎತ್ತಬೇಡ, ತಾನೇ ಏಳಲಿ. ಅವಳ ಕಾಲಿಗೆ ಬಲ ಬರಲಿ, ನಿನ್ನ ಸಂಸಾರ ತಣ್ಣಗಿರಲಿ. ಚಂದ್ರಾಬಾಯಿಯವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಆಯಿ,
ಮಥುರಾಬಾಯಿ

ತಾ. ಕ.: ಸಂಕ್ರಾಂತಿಗೆ ನಿಮ್ಮ ಮನೆಗೆ ಕುಸುರೆಳ್ಳು ಕೊಡಲು ಬಂದಿದ್ದ ಬಂಡುಮಾಮಾನ ಕೈಯಲ್ಲಿ ನಿಮ್ಮ ಅತ್ತೆ ನನಗೊಂದು ಬಾಟಲಿ ಎಣ್ಣೆ ಕಳಿಸಿದ್ದಾರೆ. ತಾವೇ ಕಾಸಿದ್ದಂತೆ. ಜೊತೆಗೆ ಒಂದು ಚೀಟಿ: "ಲಕ್ವಾ ಹೊಡದು ನಿಮ್ಮ ಎರಡೂ ಕಾಲು ಹೋಗ್ಯಾವಂತ ಮುಕ್ತಾ ಹೇಳಿ ಹೇಳಿ ಅಳ್ತಾಳ್ರಿ. ಇದನ್ನ ಹಚ್ಚಿ ತಿಕ್ಕಿಸ್ಕೋರಿ, ದೇವರು ಕಣ್ಣು ತೆರೀತಾನ." ಬಂಡು ನನ್ನ ಮುಖ ನೋಡಲಾರದೆ ಸ್ಕೂಟರು ಒರೆಸಲು ಹೋದ.

ನಿನ್ನ ಮದುವೆಯಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲ ಮೇಲೆ ಶಾಲು ಹೊದಿಸಿ, "ಏಳಬ್ಯಾಡ ಆಯಿ, ದಣೀತಿ" ಎಂದದ್ದು ಯಾಕೆಂದು ಆಗ ತಿಳಿಯಿತು. ಬಾಣಂತನಕ್ಕೆ ಬಾರದೆ ಅಲ್ಲೇ ಉಳಿದದ್ದೂ, ಮೊಮ್ಮಗಳ ಮುಖವನ್ನು ನಾನು ಫೋಟೋದಲ್ಲೇ ನೋಡಬೇಕಾದದ್ದೂ. ಕಾಲಿಲ್ಲದ ತಾಯಿ ಇದ್ದಾಳೆಂದು ಹೇಳಲು ನಿನಗೆ ಬಾಯಿ ಬಂತು, ನಾನಿದ್ದೇನೆಂದು ಹೇಳಲು ಬರಲಿಲ್ಲ. ನನಗೆ ಬಹಳ ನೋವಾಗಿದೆ, ಮಗಳೇ.

ಎಣ್ಣೆ ಮಾತ್ರ ಒಳ್ಳೆಯದಿದೆ. ನಡೆದು ಬಂದ ಮೇಲೆ ದಿನಾ ಮೀನಖಂಡಕ್ಕೆ ಹಚ್ಚಿಕೊಳ್ಳುತ್ತೇನೆ. ಮುಂದಿನ ಗುರುವಾರಕ್ಕೆ ಮುಗಿಯುತ್ತದೆ. ಶುಕ್ರವಾರ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಬಂದು, ಖಾಲಿ ಬಾಟಲಿಯನ್ನು ಚಂದ್ರಾಬಾಯಿಯವರ ಕೈಗೆ ನಾನೇ ಕೊಡುತ್ತೇನೆ. ಬಸ್ ಸ್ಟ್ಯಾಂಡಿಗೆ ಯಾರನ್ನೂ ಕಳಿಸಬೇಡ, ನಿಮ್ಮ ಮನೆಯವರೆಗೆ ನಡೆದೇ ಬರುತ್ತೇನೆ. ಅವರಿಗೆ ನಿಜ ಹೇಳಲು ನಿನಗೆ ಅಲ್ಲಿಯವರೆಗೆ ಸಮಯವಿದೆ. ಹೇಳದಿದ್ದರೂ ನಾನು ಬರುತ್ತೇನೆ.